ನಲ್ಲಿಯೊಳಗಿನ ಸೀಸ: ರಫ್ತಿಗೊಂದು ಸರಕು, ಮನೆಗೊಂದು ಸರಕೇ?

ಕೊಳಾಯಿ ಸಾಮಗ್ರಿಗಳ ತಯಾರಿಕೆ ಹಾಗೂ ಮಾರಾಟದಲ್ಲಿ ಮೂರು ದಶಕಗಳಿಂದ ತೊಡಗಿರುವ ನನಗೆ, ಗಿರಾಕಿಗಳು ಕೇಳಬಹುದಾದ ಪ್ರಶ್ನೆಗಳೆಲ್ಲವೂ ಪರಿಚಿತವೆಂಬ ಭಾವನೆಯಿತ್ತು. ಸೋರುವುದಿಲ್ಲವೇ, ಹೊಳಪು ಎಷ್ಟು ವರ್ಷ ಉಳಿಯುತ್ತದೆ, ತೂಕ ಎಷ್ಟು, ಕೊನೆಯ ಬೆಲೆ ಏನು ಎಂಬಿವೇ ಆ ಪ್ರಶ್ನೆಗಳು. ಕೆಲವು ತಿಂಗಳ ಹಿಂದೆ ಎಸ್.ಜೆ.ಪಿ. ರಸ್ತೆಯ ನಮ್ಮ ಮಳಿಗೆಗೆ ಬಂದ ಯುವ ಗೃಹಿಣಿಯೊಬ್ಬರು ಅಡುಗೆಮನೆಯ ನಲ್ಲಿಯೊಂದನ್ನು ಕೈಯಲ್ಲಿ ಹಿಡಿದು, "ಯಜಮಾನರೇ, ಇದರಲ್ಲಿ ಸೀಸ ಇದೆಯೇ?" ಎಂದು ಕೇಳಿದರು. ಅವರ ಮಗುವಿನ ರಕ್ತಪರೀಕ್ಷೆಯಲ್ಲಿ ಸೀಸದ ಅಂಶ ಹೆಚ್ಚಾಗಿ ಕಂಡುಬಂದಿತ್ತು. ಮನೆಯ ಬಣ್ಣ, ಅರಿಶಿನದ ಪುಡಿ, ಆಟಿಕೆ, ನೀರು ಎಲ್ಲವನ್ನೂ ಒಂದೊಂದಾಗಿ ವಿಚಾರಿಸಿ ನೋಡಲು ವೈದ್ಯರು ಸೂಚಿಸಿದ್ದರಂತೆ. ನಾನು ಕ್ಷಣವೂ ಯೋಚಿಸದೆ, "ಇದು ಅಪ್ಪಟ ಹಿತ್ತಾಳೆ ತಾಯೀ, ಸೀಸವೆಲ್ಲಿಂದ ಬರಬೇಕು" ಎಂದು ಉತ್ತರಿಸಿದೆ. ಅವರು ನಂಬಿ ನಲ್ಲಿಯನ್ನು ಕೊಂಡೊಯ್ದರು.

ಅಂದು ಸಂಜೆ ಕಾರ್ಖಾನೆಯಲ್ಲಿ ಹಿತ್ತಾಳೆ ರಾಡಿನ ಪರೀಕ್ಷಾ ಪ್ರಮಾಣಪತ್ರವನ್ನು ತೆಗೆಸಿ ನೋಡಿದೆ. ಸೀಸ: ಶೇ. 3.1. ಆ ಅಂಕಿ ನನಗೆ ಹೊಸದೇನೂ ಅಲ್ಲ. ವರ್ಷಗಳಿಂದ ಅದೇ ಬಗೆಯ ಪತ್ರಕ್ಕೆ ಸಹಿ ಹಾಕಿ ಮಾಲು ಇಳಿಸಿಕೊಳ್ಳುತ್ತಿದ್ದವನು ನಾನೇ. ಆದರೆ ಆ ಅಂಕಿಗೂ ಗಿರಾಕಿಯ ಮನೆಯ ನೀರಿನ ಲೋಟಕ್ಕೂ ಸಂಬಂಧವಿದೆಯೆಂದು ಒಮ್ಮೆಯೂ ಯೋಚಿಸಿರಲಿಲ್ಲ. ಆ ಮಗುವಿನ ರಕ್ತದ ಸೀಸಕ್ಕೆ ನಲ್ಲಿಯೇ ಕಾರಣವೆಂದು ಹೇಳಲು ಯಾವ ಆಧಾರವೂ ಇಲ್ಲ. ಆದರೆ ನಾನು ಕೊಟ್ಟ ಉತ್ತರ ಸುಳ್ಳೆಂಬುದಕ್ಕೆ ನನ್ನದೇ ಕಡತದಲ್ಲಿ ಆಧಾರವಿತ್ತು. ಈ ಲೇಖನ ಬರೆಯಲು ಅದೇ ಪ್ರೇರಣೆ.

ವರ್ತಕ ಬಾಂಧವರಲ್ಲಿ ಅನೇಕರು ಹಿತ್ತಾಳೆಯೆಂದರೆ ತಾಮ್ರ ಮತ್ತು ಸತುವಿನ ಮಿಶ್ರಣವೆಂದಷ್ಟೇ ಭಾವಿಸಿದ್ದಾರೆ. ಲೇತಿನ ಮುಂದೆ ನಿಂತವರಿಗೆ ಮಾತ್ರ ಮೂರನೆಯ ಲೋಹದ ಮಹತ್ವ ಗೊತ್ತು. ಸುಲಭವಾಗಿ ಕಡಿಯಲು ಬರುವ ರಾಡಿನಲ್ಲಿ ಸಾಮಾನ್ಯವಾಗಿ ಶೇ. 2ರಿಂದ 3.5ರವರೆಗೆ ಸೀಸವಿರುತ್ತದೆ. ಸೀಸವು ಹಿತ್ತಾಳೆಯಲ್ಲಿ ಕರಗಿ ಬೆರೆಯುವುದಿಲ್ಲ. ಸೂಕ್ಷ್ಮವಾದ ಗುಂಡುಗಳ ರೂಪದಲ್ಲಿ ಲೋಹದ ಕಣಗಳ ನಡುವೆ ಹುದುಗಿರುತ್ತದೆ. ಉಳಿಯ ಮೊನೆ ತಾಕಿದಾಗ ಚೂರು ಉದ್ದಕ್ಕೆ ಸುರುಳಿಯಾಗದೆ ತುಂಡಾಗಿ ಉದುರುತ್ತದೆ, ಮೊನೆ ಬಿಸಿಯೇರುವುದಿಲ್ಲ, ಟ್ರಾಬ್ ಯಂತ್ರ ದಿನವಿಡೀ ಒಂದೇ ವೇಗದಲ್ಲಿ ಓಡುತ್ತದೆ. ಎರಕದ ನಲ್ಲಿಗಳಲ್ಲಂತೂ ಸೀಸವು ಲೋಹದೊಳಗಿನ ಸಣ್ಣ ರಂಧ್ರಗಳನ್ನು ತುಂಬಿ ಸೋರಿಕೆಯನ್ನು ತಡೆಯುತ್ತದೆ. ಇದು ಕಲಬೆರಕೆಯಲ್ಲ, ಕಳ್ಳತನವೂ ಅಲ್ಲ. ಭಾರತೀಯ ಮಾನಕ ಐ.ಎಸ್. 292ರ ಶೀರ್ಷಿಕೆಯೇ ಸೀಸಯುಕ್ತ ಹಿತ್ತಾಳೆಯ ಗಟ್ಟಿ ಹಾಗೂ ಎರಕಗಳನ್ನು ಕುರಿತದ್ದು. ಆದ್ದರಿಂದ ನಮ್ಮಲ್ಲಿ ಯಾರೂ ತಪ್ಪಿತಸ್ಥರ ಸ್ಥಾನದಲ್ಲಿ ನಿಲ್ಲಬೇಕಾಗಿಲ್ಲ. ಆದರೆ "ಸೀಸವಿಲ್ಲ" ಎಂದು ಹೇಳುವ ಹಕ್ಕೂ ನಮಗಿಲ್ಲ.

ಲೋಹದಲ್ಲಿರುವ ಸೀಸವೆಲ್ಲ ನೀರಿಗೆ ಬರುವುದಿಲ್ಲ ಎಂಬುದು ನಿಜ. ಎಷ್ಟು ಬರುತ್ತದೆ ಎಂಬುದನ್ನು ನಲ್ಲಿಗಿಂತ ಹೆಚ್ಚಾಗಿ ನೀರು ನಿರ್ಧರಿಸುತ್ತದೆ. ನಮ್ಮ ಬಯಲುಸೀಮೆಯ ಕೊಳವೆಬಾವಿಯ ಗಡಸು ನೀರು ಪೈಪಿನ ಒಳಗೋಡೆಯ ಮೇಲೆ ಸುಣ್ಣದ ಪದರವನ್ನು ಕಟ್ಟುತ್ತದೆ. ಗೃಹಿಣಿಯರು ಶಪಿಸುವ ಆ ಬಿಳಿಯ ಪದರವೇ ಲೋಹಕ್ಕೂ ನೀರಿಗೂ ನಡುವೆ ಸ್ವಲ್ಪಮಟ್ಟಿನ ತೆರೆಯಾಗುತ್ತದೆ. ಮೆದುವಾದ, ಸ್ವಲ್ಪ ಆಮ್ಲೀಯವಾದ ನೀರಾದರೆ ಪದರ ಕಟ್ಟುವುದಿಲ್ಲ. ಅದು ಲೋಹವನ್ನು ನಿಧಾನವಾಗಿ ಮೆಲ್ಲುತ್ತದೆ. ಮಲೆನಾಡು, ಕರಾವಳಿಯ ಅನೇಕ ಕಡೆ ಬಾವಿನೀರಿನ ಸ್ವಭಾವ ಇಂಥದ್ದು. ಮಳೆನೀರೂ ಹೀಗೆಯೇ. 2009ರಿಂದ ಬೆಂಗಳೂರಿನಲ್ಲಿ ನಿಗದಿತ ಅಳತೆಗೆ ಮೀರಿದ ನಿವೇಶನಗಳಿಗೆ ಮಳೆನೀರು ಸಂಗ್ರಹ ಕಡ್ಡಾಯವಾಗಿದೆ. ಆ ಶ್ಲಾಘನೀಯ ಕ್ರಮದಿಂದ ಉಳಿಸಿದ ನೀರು ಅಡುಗೆಮನೆಗೆ ಬರುವುದು ನಾವು ಮಾರಿದ ಹಿತ್ತಾಳೆಯ ಮೂಲಕವೇ. ಇನ್ನು ಆರ್.ಓ. ಯಂತ್ರದ ನೀರು. ಲವಣಗಳನ್ನೆಲ್ಲ ಕಳೆದುಕೊಂಡ ಆ ನೀರು ಲೋಹದ ಮಟ್ಟಿಗೆ ಹಸಿದ ನೀರು. ಆರ್.ಓ. ಪೊರೆಯು ಸೀಸವನ್ನೂ ತೆಗೆಯುತ್ತದೆ, ನಿಜ. ಆದರೆ ಶುದ್ಧವಾದ ನೀರನ್ನು ಮತ್ತೆ ಸೀಸಯುಕ್ತ ಹಿತ್ತಾಳೆಯ ಪುಟ್ಟ ನಲ್ಲಿಯ ಮೂಲಕ ಹರಿಸಿದರೆ ಮಡಿಬಟ್ಟೆಯನ್ನು ಒಗೆದು ಒಣಗಿಸಿ ಮತ್ತೆ ಮೈಲಿಗೆಗೆ ತಾಗಿಸಿದಂತೆ. ಯಂತ್ರ ಮಾರುವ ನಮ್ಮ ಮಿತ್ರರು ಹೊರನಲ್ಲಿ ಯಾವ ವಸ್ತುವಿನದೆಂಬುದನ್ನು ಒಮ್ಮೆ ನೋಡಿಕೊಳ್ಳುವುದು ಒಳಿತು.

ಎರಡನೆಯದು ಸಮಯ. ಹರಿಯುವ ನೀರು ಹಿತ್ತಾಳೆಯನ್ನು ಕ್ಷಣಮಾತ್ರ ಸೋಕಿ ಹೋಗುತ್ತದೆ. ರಾತ್ರಿಯಿಡೀ ನಲ್ಲಿಯ ಹೊಟ್ಟೆಯಲ್ಲಿ, ಆಂಗಲ್ ವಾಲ್ವಿನಲ್ಲಿ, ಯೂನಿಯನ್‌ಗಳಲ್ಲಿ ನಿಂತ ನೀರು ಏಳೆಂಟು ಗಂಟೆ ನೆನೆಯುತ್ತದೆ. ಮುಂಜಾನೆಯ ಮೊದಲ ಲೋಟದಲ್ಲಿ ಬರುವುದು ಆ ನೀರೇ, ಮತ್ತು ನಮ್ಮ ಬಹುತೇಕ ಮನೆಗಳಲ್ಲಿ ಆ ಮೊದಲ ಲೋಟ ಕಾಫಿ ಡಿಕಾಕ್ಷನ್ನಿಗೋ ಮಗುವಿನ ಹಾಲಿನ ಪುಡಿಗೋ ಹೋಗುತ್ತದೆ. ಬಿಸಿನೀರು ಇನ್ನೂ ಹೆಚ್ಚು ಸೀಸವನ್ನು ಎಳೆಯುತ್ತದೆಯಾದ್ದರಿಂದ ಗೀಸರಿನ ನೀರನ್ನು ಅಡುಗೆಗೆ ಬಳಸಬಾರದು. ಕುದಿಸಿದರೆ ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದುದರಲ್ಲಿ ಅದು ಇನ್ನಷ್ಟು ಸಾಂದ್ರವಾಗುತ್ತದೆ. ಕುದಿಸಿ ಆರಿಸಿದ ನೀರೆಂದರೆ ಸರ್ವದೋಷ ನಿವಾರಕವೆಂಬ ನಮ್ಮ ನಂಬಿಕೆ ಕ್ರಿಮಿಗಳ ಮಟ್ಟಿಗೆ ಸರಿ, ಲೋಹಗಳ ಮಟ್ಟಿಗಲ್ಲ.

ಮೂರನೆಯದು ನಲ್ಲಿಯ ಹೊಸತನ. ಕಡಿಯುವಾಗ ಉಳಿಯು ಮೆದುವಾದ ಸೀಸವನ್ನು ಮೇಲ್ಮೈಯ ತುಂಬ ಸವರುತ್ತದೆ. ಆದಕಾರಣ ಅಂಗಡಿಯಿಂದ ಈಗಷ್ಟೇ ಬಂದ ನಲ್ಲಿಯೇ ಮೊದಲ ವಾರಗಳಲ್ಲಿ ಹೆಚ್ಚು ಸೀಸವನ್ನು ಬಿಡುತ್ತದೆ. ಹೊರಗಿನ ಕ್ರೋಮಿಯಂ ಹೊಳಪು ಇದಕ್ಕೆ ಅಡ್ಡಬರುವುದಿಲ್ಲ. ಲೇಪನ ಹೊರಮೈಗೆ, ನೀರು ಹರಿಯುವುದು ಒಳಗೆ.

ಪ್ರಮಾಣದ ಲೆಕ್ಕವನ್ನು ವ್ಯಾಪಾರಿಯ ಬಾಯಿಲೆಕ್ಕದಲ್ಲಿಯೇ ಹೇಳುತ್ತೇನೆ. ಕುಡಿಯುವ ನೀರಿನ ಮಾನಕ ಐ.ಎಸ್. 10500ರ 2012ರ ಪರಿಷ್ಕರಣೆಯ ಪ್ರಕಾರ ಲೀಟರಿಗೆ 0.01 ಮಿಲಿಗ್ರಾಂ ಸೀಸವೇ ಮಿತಿ, ಅದರಲ್ಲಿ ಸಡಿಲಿಕೆಗೆ ಅವಕಾಶವಿಲ್ಲ. 1991ರ ಆವೃತ್ತಿಯಲ್ಲಿ ಇದು 0.05 ಇತ್ತು. ಅಂದರೆ 1 ಗ್ರಾಂ ಸೀಸವು 1 ಲಕ್ಷ ಲೀಟರ್ ನೀರನ್ನು ಮಿತಿಯ ಅಂಚಿಗೆ ತರಬಲ್ಲದು. 400 ಗ್ರಾಂ ತೂಕದ, ಶೇ. 3 ಸೀಸವುಳ್ಳ ಒಂದು ನಲ್ಲಿಯಲ್ಲಿ 12 ಗ್ರಾಂ ಸೀಸವಿರುತ್ತದೆ. ಅದರಲ್ಲಿ ಅತ್ಯಲ್ಪ ಭಾಗ ಮಾತ್ರ ಕರಗುತ್ತದೆಯಾದರೂ, ಅಳತೆ ಎಷ್ಟು ಸೂಕ್ಷ್ಮವೆಂಬುದನ್ನು ಈ ಲೆಕ್ಕ ತೋರಿಸುತ್ತದೆ. ಕಣ್ಣಿಗೆ, ನಾಲಿಗೆಗೆ, ಮೂಗಿಗೆ ಅದು ಸಿಕ್ಕುವುದಿಲ್ಲ. ಮಕ್ಕಳ ಮೆದುಳಿನ ಬೆಳವಣಿಗೆಯ ಮೇಲೆ ಸೀಸದ ಪರಿಣಾಮಕ್ಕೆ ಸುರಕ್ಷಿತವೆನ್ನಬಹುದಾದ ಕನಿಷ್ಠ ಮಟ್ಟವೇ ಗೊತ್ತಾಗಿಲ್ಲವೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಸೀಸದ ವಸ್ತುಗಳೇ ನೇರವಾಗಿ ನೀರಿನಲ್ಲಿರುವ ಪ್ರಸಂಗವೂ ಉಂಟು. ಸಂಪಿನಲ್ಲಿ ಕೊಳವೆ ತೇಲದಿರಲೆಂದು ಸೀಸದ ಗಟ್ಟಿಯನ್ನು ಕಟ್ಟಿರುವುದನ್ನು ನಾನೇ ಕಂಡಿದ್ದೇನೆ. ಬಲೆಯ ಗುಂಡು, ಅಕ್ವೇರಿಯಂ ಗಿಡಗಳಿಗೆ ಸುತ್ತುವ ಸೀಸದ ಪಟ್ಟಿಗಳೂ ಇದೇ ಜಾತಿಗೆ ಸೇರಿದವು. ನಿಂತ ನೀರಿನಲ್ಲಿ ಸೀಸದ ಮೇಲೆ ಬೆಳೆಯುವ ಬಿಳಿಯ ಪದರವು ಸೀಸದ ಕಾರ್ಬೊನೇಟ್. ಅದು ಒಂದಿಷ್ಟು ರಕ್ಷಣೆ ಕೊಡುತ್ತದೆ, ಆದರೆ ಪುಡಿಯಾಗಿ ಉದುರಲೂ ಉದುರುತ್ತದೆ. ಕುಡಿಯುವ ನೀರಿನ ತೊಟ್ಟಿಯಲ್ಲಿ ಇಂಥ ವಸ್ತು ಇರಕೂಡದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

ನಮ್ಮ ಕಸುಬಿನ ಹಿಂದಿನ ತಲೆಮಾರಿಗಂತೂ ಸೀಸ ಮನೆಯ ನಂಟನೇ ಆಗಿತ್ತು. ಬೀಡುಕಬ್ಬಿಣದ ದೊಡ್ಡ ಕೊಳವೆಗಳ ಸಂದಿಗೆ ನೂಲಿನ ಹುರಿ ತುರುಕಿ, ಕಾಯಿಸಿದ ಸೀಸವನ್ನು ಸುರಿದು, ಉಳಿಯಿಂದ ಬಡಿದು ಕೂರಿಸುತ್ತಿದ್ದರು. ಜಿ.ಐ. ಪೈಪಿನ ಮರೆಗೆ ನೂಲು ಸುತ್ತಿ ಸಫೇದ ಬಳಿಯುತ್ತಿದ್ದರು. ಸಫೇದವೆಂಬ ಹೆಸರಿನಲ್ಲಿ ಬರುತ್ತಿದ್ದುದರಲ್ಲಿ ಎಷ್ಟು ಸೀಸ, ಎಷ್ಟು ಸತು ಎಂದು ಕೇಳಿದವರಿಲ್ಲ. ಇಂದು ಆ ಜಾಗಕ್ಕೆ ಟೆಫ್ಲಾನ್ ಟೇಪು ಬಂದಿದೆ. ಯಾವ ಚಳವಳಿಯೂ ಅದನ್ನು ತರಲಿಲ್ಲ, ಕೆಲಸ ಬೇಗ ಮುಗಿಯುತ್ತದೆಂಬ ಕಾರಣಕ್ಕೆ ಬಂತು.

ಇನ್ನು ಹೊರದೇಶಗಳ ಅನುಭವವನ್ನು ನೋಡೋಣ. ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರಕ್ಕೆ 1859ರಿಂದ ಕ್ಯಾಟ್ರಿನ್ ಸರೋವರದ ಅತಿ ಮೆದುವಾದ ನೀರು ಬರುತ್ತಿತ್ತು. ಮನೆಗಳಲ್ಲಿ ಸೀಸದ ಕೊಳವೆಗಳಿದ್ದವು. ನೀರು ಶುದ್ಧವಾದಷ್ಟೂ ಸೀಸ ಹೆಚ್ಚು ಕರಗಿತು. ಕೊನೆಗೆ ಸುಣ್ಣವನ್ನೂ ಆನಂತರ ಫಾಸ್ಫೇಟನ್ನೂ ಬೆರೆಸಿ ನೀರನ್ನೇ ಹದಗೊಳಿಸಬೇಕಾಯಿತು. ಅಮೆರಿಕದ ವಾಷಿಂಗ್ಟನ್ ನಗರದಲ್ಲಿ 2000ದ ನವೆಂಬರಿನಲ್ಲಿ ಕ್ಲೋರಿನ್ ಬದಲು ಕ್ಲೋರಮೈನ್ ಬಳಸತೊಡಗಿದಾಗ ಹಳೆಯ ಕೊಳವೆಗಳ ರಕ್ಷಣಾ ಪದರವೇ ಸಡಿಲಗೊಂಡು ಸೀಸದ ಪ್ರಮಾಣ ಏರಿತು. 2014ರಲ್ಲಿ ಫ್ಲಿಂಟ್ ನಗರ ಖರ್ಚು ಉಳಿಸಲು ನದಿಯ ನೀರಿಗೆ ಬದಲಾಯಿಸಿ, ಕೊಳವೆ ಸವೆಯದಂತೆ ತಡೆಯುವ ಔಷಧಿಯನ್ನು ಬೆರೆಸದೆ ಹೋದುದು ಜಗತ್ತಿಗೇ ತಿಳಿದ ಕಥೆ. ಇವು ಹಳೆಯ ಸೀಸದ ಕೊಳವೆಗಳ ಪ್ರಸಂಗಗಳು. ನಮ್ಮಲ್ಲಿ ಮನೆಗೆ ಸೀಸದ ಕೊಳವೆ ಹಾಕುವ ರೂಢಿ ಅಷ್ಟಾಗಿ ಇರಲಿಲ್ಲವೆಂದು ಯಾರಾದರೂ ವಾದಿಸಬಹುದು.

ಆದ್ದರಿಂದ ಹೊಚ್ಚಹೊಸ ಕಟ್ಟಡಗಳ ಎರಡು ಪ್ರಸಂಗಗಳನ್ನು ವರ್ತಕರು ಗಮನವಿಟ್ಟು ಓದಬೇಕು. 2015ರ ಜುಲೈನಲ್ಲಿ ಹಾಂಗ್‌ಕಾಂಗಿನ ಕೈ ಚಿಂಗ್ ಎಂಬ ಸರ್ಕಾರಿ ವಸತಿ ಸಮುಚ್ಚಯದ ನೀರಿನಲ್ಲಿ ಮಿತಿಮೀರಿದ ಸೀಸ ಪತ್ತೆಯಾಯಿತು. ಹುಡುಕುತ್ತ ಹೋದಂತೆ ಇಂಥ ಸಮುಚ್ಚಯಗಳ ಸಂಖ್ಯೆ 11ಕ್ಕೇರಿತು. ಕಾರಣ, ತಾಮ್ರದ ಕೊಳವೆಗಳ ಸಂದಿಗಳಲ್ಲಿ ಬಳಸಿದ ಸೀಸಯುಕ್ತ ಬೆಸುಗೆ. ಗುತ್ತಿಗೆಯಲ್ಲಿ ಸೀಸರಹಿತ ಬೆಸುಗೆಯನ್ನೇ ಬಳಸಬೇಕೆಂದಿತ್ತು. ಗುತ್ತಿಗೆದಾರರು ಉಪಗುತ್ತಿಗೆದಾರರನ್ನು ನಂಬಿದರು, ಅವರು ಕೊಳಾಯಿ ಕೆಲಸಗಾರರನ್ನು ನಂಬಿದರು, ಎಲ್ಲರೂ ಕಾಗದವನ್ನು ನಂಬಿದರು. ಬೆಸುಗೆಯ ತಂತಿಯನ್ನು ಪರೀಕ್ಷಿಸಿದವರು ಯಾರೂ ಇಲ್ಲ. 2016ರಲ್ಲಿ ವರದಿ ಕೊಟ್ಟ ವಿಚಾರಣಾ ಆಯೋಗವು ಇದನ್ನು ಸಂಬಂಧಪಟ್ಟ ಎಲ್ಲರ ಸಾಮೂಹಿಕ ವೈಫಲ್ಯವೆಂದೇ ಪರಿಗಣಿಸಿತು. ಅದೇ ವರ್ಷ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ನಿರ್ಮಾಣ ಮುಗಿಯುತ್ತಿದ್ದ ಮಕ್ಕಳ ಆಸ್ಪತ್ರೆಯ ಕುಡಿಯುವ ನೀರಿನಲ್ಲಿ ಸೀಸ ಕಂಡುಬಂದು, ಆಸ್ಪತ್ರೆ ಬಾಗಿಲು ತೆರೆದದ್ದು 2018ರಲ್ಲಿ. ಅಲ್ಲಿ ಬೆರಳು ತೋರಿದ್ದು ಸೀಸದ ಕೊಳವೆಯತ್ತ ಅಲ್ಲ, ನಾವು ನೀವು ಮಾರುವಂಥ ಹಿತ್ತಾಳೆಯ ಜೋಡಣೆಗಳತ್ತ.

ಈ ಅನುಭವಗಳಿಂದ ಕಾನೂನುಗಳು ಬಿಗಿಯಾದವು. ಅಮೆರಿಕದಲ್ಲಿ 1986ರಿಂದ ಶೇ. 8ರವರೆಗೆ ಸೀಸವಿರುವ ಜೋಡಣೆಗಳನ್ನೂ "ಸೀಸರಹಿತ"ವೆಂದು ಕರೆಯಲು ಅವಕಾಶವಿತ್ತು ಎಂಬುದು ಇಂದು ನಗು ತರಿಸುತ್ತದೆ. 2014ರ ಜನವರಿಯಿಂದ ನೀರು ಸೋಕುವ ಭಾಗಗಳ ಸರಾಸರಿ ಶೇ. 0.25 ಮೀರಕೂಡದೆಂಬ ನಿಯಮ ಜಾರಿಗೆ ಬಂತು. ಕ್ಯಾಲಿಫೋರ್ನಿಯಾದಲ್ಲಿ 2010ರಲ್ಲಿಯೇ ಬಂದಿತ್ತು. ಆಸ್ಟ್ರೇಲಿಯಾ ತನ್ನ 2022ರ ನಿರ್ಮಾಣ ಸಂಹಿತೆಯಲ್ಲಿ ಇದೇ ಅಂಕಿಯನ್ನು ಸೇರಿಸಿ ಉದ್ಯಮಕ್ಕೆ ಕಾಲಾವಕಾಶ ನೀಡಿತು. ಯುರೋಪಿಯನ್ ಒಕ್ಕೂಟ 2020ರ ನಿರ್ದೇಶನದಲ್ಲಿ ನೀರಿನ ಸೀಸದ ಮಿತಿಯನ್ನು 2036ರ ಹೊತ್ತಿಗೆ ಲೀಟರಿಗೆ 5 ಮೈಕ್ರೊಗ್ರಾಂಗೆ, ಅಂದರೆ ನಮ್ಮ ಮಿತಿಯ ಅರ್ಧಕ್ಕೆ ಇಳಿಸಲು ನಿಗದಿಪಡಿಸಿದೆ.

ಈಗ ಮುಜುಗರದ ಮಾತಿಗೆ ಬರುತ್ತೇನೆ. ಹಿತ್ತಾಳೆ ಬಿಡಿಭಾಗಗಳಿಗೆ ಹೆಸರಾದ ಜಾಮ್‌ನಗರವಿರಲಿ, ನಮ್ಮ ಪೀಣ್ಯವಿರಲಿ, ರಫ್ತಿಗೆ ಮಾಲು ಮಾಡಿಕೊಡುವ ಘಟಕಗಳಿಗೆ ಶೇ. 0.25ರ ಹಿತ್ತಾಳೆ ಅಪರಿಚಿತವಲ್ಲ. ನನ್ನ ಘಟಕದಲ್ಲಿಯೂ ಹೊರದೇಶದ ಖರೀದಿದಾರರಿಗಾಗಿ ಅಂಥ ರಾಡನ್ನು ತರಿಸುತ್ತೇವೆ. ಅದಕ್ಕೆ ಹಸಿರು ಬಣ್ಣ ಬಳಿದ ಡಬ್ಬ, ಮನೆಯ ಮಾಲಿಗೆ ಕೆಂಪು ಬಣ್ಣದ್ದು. ಯಂತ್ರ ಅದೇ, ನಕ್ಷೆ ಅದೇ, ಕೆಲಸಗಾರರು ಅವರೇ. ಸೋಮವಾರ ಹೊರಗಿನವರ ಮಗುವಿಗೆ, ಮಂಗಳವಾರ ನಮ್ಮೂರ ಮಗುವಿಗೆ. ಹತ್ತು ವರ್ಷ ಆ ಎರಡು ಡಬ್ಬಗಳ ನಡುವೆ ಓಡಾಡಿದ ನನಗೆ ಅದರಲ್ಲಿ ವಿಚಿತ್ರವೇನೂ ಕಂಡಿರಲಿಲ್ಲ. ಖರೀದಿದಾರ ಕೇಳಿದ್ದನ್ನು ಕೊಡುವುದೇ ವ್ಯಾಪಾರಧರ್ಮವೆಂದು ನಾವು ಹೇಳಿಕೊಳ್ಳುತ್ತೇವೆ. ಆದರೆ ಇಲ್ಲಿಯ ಖರೀದಿದಾರ ಕೇಳಲಾರ, ಏಕೆಂದರೆ ಕೇಳಬೇಕೆಂಬುದೇ ಅವನಿಗೆ ಗೊತ್ತಿಲ್ಲ. ಕೇಳಿದ ಒಬ್ಬರಿಗೂ ನಾನು ತಪ್ಪು ಉತ್ತರ ಕೊಟ್ಟೆ.

ಬದಲಾವಣೆ ಸುಲಭವಲ್ಲವೆಂಬುದನ್ನು ಮುಚ್ಚಿಡುವುದಿಲ್ಲ. ಕಡಿಮೆ ಸೀಸದ ರಾಡಿನ ಬೆಲೆ ಹೆಚ್ಚು. ಸಿಲಿಕಾನ್ ಬೆರೆತ ಹಿತ್ತಾಳೆ ಗಡಸಾಗಿದ್ದು ಉಳಿಯನ್ನು ಬೇಗ ಸವೆಸುತ್ತದೆ. ಯಂತ್ರದ ವೇಗ ತಗ್ಗಿಸಬೇಕು, ಚೂರು ಉದ್ದವಾಗಿ ಸುತ್ತಿಕೊಂಡರೆ ಆಗಾಗ ನಿಲ್ಲಿಸಬೇಕು. ಬಿಸ್ಮತ್ ಬೆರೆತದ್ದು ಕಡಿಯಲು ಹಿತವಾಗಿದ್ದರೂ ಅದರ ಚೂರು ಸಾಮಾನ್ಯ ಹಿತ್ತಾಳೆಯ ಚೂರಿನೊಡನೆ ಬೆರೆತರೆ, ಕರಗಿಸಿ ತೆಗೆದ ಲೋಹ ಬಿಸಿಯಲ್ಲಿ ಬಿರಿಯುತ್ತದೆ. ನಮ್ಮ ಕಸುಬಿನಲ್ಲಿ ಚೂರಿನ ಮರುಮಾರಾಟವೇ ಲಾಭದ ದೊಡ್ಡ ಪಾಲು. ಕೊಂಡ ರಾಡಿನ ಬಹುಭಾಗ ಚೂರಾಗಿ ಹಿಂತಿರುಗುತ್ತದೆ. ಗುಜರಿಯವನು ಬೆರಕೆಯ ಅನುಮಾನ ಬಂದೊಡನೆ ದರ ಇಳಿಸುತ್ತಾನೆ. ಎರಡು ಬಗೆಯ ಹಿತ್ತಾಳೆಯನ್ನು ಒಂದೇ ಶೆಡ್ಡಿನಲ್ಲಿ ಕಡಿಯುವ ಸಣ್ಣ ಘಟಕಕ್ಕೆ ಇದು ನಿತ್ಯದ ತಲೆನೋವು. ವಿಚಿತ್ರವೆಂದರೆ, ಎಲ್ಲ ಮಾಲೂ ಕಡಿಮೆ ಸೀಸದ್ದೇ ಆದರೆ ಬೆರಕೆಯ ಈ ತೊಂದರೆಯೇ ಇರುವುದಿಲ್ಲ. ಎರಡು ಡಬ್ಬ ಇಟ್ಟುಕೊಂಡಿರುವುದೇ ದುಬಾರಿಯೆಂಬುದು ನನ್ನ ಲೆಕ್ಕಪುಸ್ತಕ ಕಲಿಸಿದ ಪಾಠ.

ಇದಕ್ಕಿಂತ ದೊಡ್ಡ ಅಡಚಣೆ ಟೆಂಡರು. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಿಂದ ಗ್ರಾಮೀಣ ಮನೆಗಳಿಗೆ ನಲ್ಲಿ ತಲುಪುತ್ತಿರುವುದು ಐತಿಹಾಸಿಕ ಕಾರ್ಯ. ಆದರೆ ಫೆರೂಲ್, ನಲ್ಲಿ, ಮೀಟರುಗಳನ್ನು ಕನಿಷ್ಠ ದರಕ್ಕೆ ಕೊಳ್ಳುವ ಪದ್ಧತಿಯಲ್ಲಿ, ನಮೂನೆಯಲ್ಲಿ ಕೇಳದ ಗುಣಕ್ಕೆ ಯಾರೂ ಹಣ ಕೊಡುವುದಿಲ್ಲ. ಸ್ವಇಚ್ಛೆಯಿಂದ ಒಳ್ಳೆಯ ಲೋಹ ಬಳಸಿದವನು ಎರಡನೆಯ ಸ್ಥಾನಕ್ಕೆ ಇಳಿಯುತ್ತಾನೆ. ಟೆಂಡರಿನ ಮಟ್ಟಿಗೆ ಎರಡನೆಯ ಸ್ಥಾನವೂ ಕೊನೆಯ ಸ್ಥಾನವೂ ಒಂದೇ. ಆದುದರಿಂದ ಇಲ್ಲಿ ಒಬ್ಬೊಬ್ಬರ ಸದಾಶಯ ಸಾಲದು. ನೀರು ಸೋಕುವ ಹಿತ್ತಾಳೆಗೆ ಸೀಸದ ಮಿತಿಯನ್ನು ಟೆಂಡರಿನ ನಿರ್ದಿಷ್ಟತೆಯಲ್ಲಿಯೇ ಸೇರಿಸಬೇಕೆಂದು ವಾಣಿಜ್ಯ ಸಂಸ್ಥೆಯ ಪರವಾಗಿ ಸರ್ಕಾರಕ್ಕೆ ಮನವಿ ಹೋಗಬೇಕು. ಹೆಚ್ಚಿನ ನಿರ್ಬಂಧ ಬೇಕೆಂದು ವರ್ತಕರೇ ಕೇಳುವುದು ಅಪರೂಪ. ಆದರೆ ಎಲ್ಲರಿಗೂ ಒಂದೇ ತಕ್ಕಡಿ ಇದ್ದಾಗ ಮಾತ್ರ ಪ್ರಾಮಾಣಿಕನು ಸ್ಪರ್ಧಿಸಬಲ್ಲ.

ಹೀಗೆ ಕೇಳಿದರೆ ಸಣ್ಣ ಉದ್ಯಮ ಉಳಿಯುವುದಿಲ್ಲವೆಂಬ ಆಕ್ಷೇಪಣೆ ಖಂಡಿತ ಬರುತ್ತದೆ. ಅದನ್ನು ನಾವು ಹಿಂದೆಯೂ ಕೇಳಿದ್ದೇವೆ. 1999ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಜಾರ್ಜ್ ಫೌಂಡೇಷನ್ ನೇತೃತ್ವದಲ್ಲಿ ಸೀಸದ ವಿಷಬಾಧೆಯ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆದಾಗ, ಪೆಟ್ರೋಲಿನಿಂದ ಸೀಸ ತೆಗೆದರೆ ವಾಹನಗಳೇ ನಿಂತುಹೋಗುತ್ತವೆ ಎನ್ನುವವರಿದ್ದರು. ಮರುವರ್ಷವೇ, 2000ದಲ್ಲಿ, ದೇಶಾದ್ಯಂತ ಸೀಸರಹಿತ ಪೆಟ್ರೋಲು ಬಂತು, ವಾಹನಗಳು ಓಡುತ್ತಿವೆ. ಮನೆಬಳಕೆಯ ಹಾಗೂ ಅಲಂಕಾರಿಕ ಬಣ್ಣಗಳಲ್ಲಿ ಸೀಸವು ದಶಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಹೊರಬಿದ್ದು 2017ರ ನವೆಂಬರಿನಲ್ಲಿ ಜಾರಿಗೆ ಬಂದಾಗಲೂ ಸಣ್ಣ ಬಣ್ಣದ ಘಟಕಗಳಿಂದ ಇದೇ ಮಾತು ಕೇಳಿಬಂತು. ಪಿ.ವಿ.ಸಿ. ಪೈಪುಗಳಲ್ಲಿ ಸ್ಥಿರಕಾರಿಯಾಗಿ ಬಳಸುತ್ತಿದ್ದ ಸೀಸದ ಲವಣಗಳನ್ನು ಹಂತಹಂತವಾಗಿ ನಿಲ್ಲಿಸಲು ಕೇಂದ್ರ ಪರಿಸರ ಸಚಿವಾಲಯ 2021ರಲ್ಲಿ ನಿಯಮಗಳನ್ನು ಪ್ರಕಟಿಸಿತು. ಕ್ಯಾಲ್ಸಿಯಂ-ಸತು ಹಾಗೂ ತವರ ಆಧಾರಿತ ಸ್ಥಿರಕಾರಿಗಳು ಆ ಸ್ಥಾನಕ್ಕೆ ಬಂದಿವೆ. ಬಣ್ಣಕ್ಕೆ ಆಯಿತು, ಪೈಪಿಗೆ ಆಯಿತು. ಪೈಪಿನ ತುದಿಗೆ ಕೂರುವ ನಲ್ಲಿಗೆ ಮಾತ್ರ ಆಗದೆಂದು ವಾದಿಸಲು ನನಗಂತೂ ಬಾಯಿ ಬರುವುದಿಲ್ಲ.

ಇನ್ನೊಂದು ಆಕ್ಷೇಪಣೆ ಹೆಚ್ಚು ತೂಕದ್ದು. ನಮ್ಮ ದೇಶದ ಮಕ್ಕಳಿಗೆ ಸೀಸ ಸೇರುವುದು ಮುಖ್ಯವಾಗಿ ಹಳೆಯ ಬ್ಯಾಟರಿ ಕರಗಿಸುವ ಕುಲುಮೆಗಳಿಂದ, ಕಲಬೆರಕೆಯ ಮಸಾಲೆಯಿಂದ, ಬಣ್ಣದ ಧೂಳಿನಿಂದ. ನಲ್ಲಿಯ ಪಾಲು ಚಿಕ್ಕದು ಎಂಬುದೇ ಅದು. ಇದನ್ನು ನಾನು ಬಹುಮಟ್ಟಿಗೆ ಒಪ್ಪುತ್ತೇನೆ. ಯುನಿಸೆಫ್ ಮತ್ತು ಪ್ಯೂರ್ ಅರ್ಥ್ ಸಂಸ್ಥೆಗಳು 2020ರಲ್ಲಿ ಪ್ರಕಟಿಸಿದ ವರದಿಯ ಅಂದಾಜಿನಂತೆ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ, ಅಂದರೆ ಸುಮಾರು 80 ಕೋಟಿ ಮಕ್ಕಳ ರಕ್ತದಲ್ಲಿ ಚಿಂತಿಸಬೇಕಾದ ಮಟ್ಟದ ಸೀಸವಿದೆ. ಅದರಲ್ಲಿಯೂ ಬ್ಯಾಟರಿ ಕುಲುಮೆಗಳತ್ತಲೇ ಹೆಚ್ಚಿನ ಬೆರಳು. ಆದರೆ ದೇಹ ಸೀಸವನ್ನು ಮೂಲವಾರು ಖಾತೆಗಳಲ್ಲಿ ಬರೆದಿಡುವುದಿಲ್ಲ. ಎಲ್ಲವನ್ನೂ ಒಂದೇ ಖಾತೆಗೆ ಜಮಾ ಮಾಡಿ ಮೂಳೆಯಲ್ಲಿ ದಶಕಗಳ ಕಾಲ ಇಡುತ್ತದೆ. ಮಸಾಲೆಯವರು ತಮ್ಮ ಪಾಲನ್ನು ಕಡಿಮೆ ಮಾಡಲಿ, ನಾವು ನಮ್ಮದನ್ನು ಮಾಡೋಣ.

ಹಾಗೆಂದು ಭೀತಿ ಹುಟ್ಟಿಸುವುದು ಬೇಡ. ಕಳೆದ ವಾರ ಒಬ್ಬ ಗಿರಾಕಿ ಮನೆಯ ಹಿತ್ತಾಳೆಯನ್ನೆಲ್ಲ ಕಿತ್ತು ಅಗ್ಗದ ಪ್ಲಾಸ್ಟಿಕ್ ನಲ್ಲಿ ಹಾಕುವೆನೆಂದು ಹೊರಟಿದ್ದರು. ಹಾಕಿದ ನಲ್ಲಿಯನ್ನು ಕೀಳಬೇಕಾಗಿಲ್ಲ. ಬೆಳಿಗ್ಗೆ ಮೊದಲು ಪಾತ್ರೆ ತೊಳೆಯಲು, ಗಿಡಕ್ಕೆ ನೀರು ಬಿಟ್ಟು, ಆನಂತರ ಕುಡಿಯಲು ಹಿಡಿದರೆ ಹೆಚ್ಚಿನ ಭಾಗದ ತೊಂದರೆ ತೀರುತ್ತದೆ. ನೀರು ಪೋಲಾಗುವುದೂ ಇಲ್ಲ. 2024ರ ಮಾರ್ಚಿಯ ಜಲಕ್ಷಾಮದಲ್ಲಿ ಬೆಂಗಳೂರು ಜಲಮಂಡಳಿಯ ಆದೇಶದ ಮೇರೆಗೆ ಸಾವಿರಾರು ನಲ್ಲಿಗಳಿಗೆ ಏರೇಟರ್ ಕೂರಿಸಲಾಯಿತು, ನಮಗೆಲ್ಲ ಒಳ್ಳೆಯ ವ್ಯಾಪಾರವೂ ಆಯಿತು. ಆದರೆ ಅದರ ಜಾಲರಿಯಲ್ಲಿ ಲೋಹದ ಸಣ್ಣ ಕಣಗಳು ಸಿಕ್ಕಿ ನೀರಿನಲ್ಲಿ ನೆನೆಯುತ್ತವೆ, ಆಗಾಗ ಬಿಚ್ಚಿ ತೊಳೆಯಬೇಕೆಂದು ನಮ್ಮಲ್ಲಿ ಎಷ್ಟು ಮಂದಿ ಗಿರಾಕಿಗೆ ಹೇಳಿದೆವು? ಹೇಳಲು ಅರ್ಧ ನಿಮಿಷ ಸಾಕು.

ನಮ್ಮ ಸಂಸ್ಥೆಯ ಮುಂದೆ ನಾನು ಇಡಬಯಸುವುದು ಇಷ್ಟು. ರಾಡಿನ ಪರೀಕ್ಷಾ ಪತ್ರವನ್ನು ಕೇಳದೆ ಮಾಲು ಇಳಿಸಿಕೊಳ್ಳಬಾರದು. ಪತ್ರವನ್ನು ಪೂರ್ತಿ ನಂಬಲೂಬಾರದು. ಹಾಂಗ್‌ಕಾಂಗಿನವರ ಬಳಿಯೂ ಪತ್ರಗಳಿದ್ದವು. ಲೋಹದ ಅಂಶವನ್ನು ಕ್ಷಣದಲ್ಲಿ ತೋರಿಸುವ ಎಕ್ಸ್-ಕಿರಣದ ಕೈಯಂತ್ರ ಒಬ್ಬ ಸಣ್ಣ ತಯಾರಕನ ಕೈಗೆಟುಕದ ಬೆಲೆಯದು. ಆದರೆ ಸಂಸ್ಥೆ ಒಂದನ್ನು ಕೊಂಡು, ಸದಸ್ಯರಿಗೆ ಅಲ್ಪ ಶುಲ್ಕಕ್ಕೆ ಪರೀಕ್ಷಿಸಿಕೊಟ್ಟರೆ ಅದರ ಖರ್ಚು ಹುಟ್ಟಿಕೊಳ್ಳುತ್ತದೆ. ಕಡಿಮೆ ಸೀಸದ ರಾಡನ್ನು ಹತ್ತಾರು ಘಟಕಗಳು ಒಟ್ಟಾಗಿ ಕೊಂಡು, ಅದರ ಚೂರನ್ನೂ ಒಟ್ಟಾಗಿ ಗಿರಣಿಗೇ ಹಿಂತಿರುಗಿಸುವ ಏರ್ಪಾಡಾದರೆ ಗುಜರಿಯ ನಷ್ಟವೂ ತಪ್ಪುತ್ತದೆ. ಎಲ್ಲಕ್ಕಿಂತ ಮೊದಲು, ಖರ್ಚೇ ಇಲ್ಲದ ಒಂದು ಕೆಲಸವಿದೆ: ಬಿಲ್ಲಿನಲ್ಲಿಯೂ ಡಬ್ಬದ ಮೇಲೂ ಸೀಸದ ಶೇಕಡಾವಾರನ್ನು ಮುದ್ರಿಸುವುದು. ತೂಕ ಮುದ್ರಿಸುತ್ತೇವೆ, ಬೆಲೆ ಮುದ್ರಿಸುತ್ತೇವೆ, ಇದನ್ನೇಕೆ ಬಿಡಬೇಕು? ಕುಡಿಯುವ ನೀರಿಗಲ್ಲದ ನಲ್ಲಿಯಾದರೆ "ತೋಟಕ್ಕೆ ಹಾಗೂ ತೊಳೆಯಲು ಮಾತ್ರ" ಎಂದು ಬರೆಯಲು ಅಳುಕೇಕೆ?

ಕಳೆದ ಎರಡು ತಿಂಗಳಿಂದ ನಮ್ಮ ಮಳಿಗೆಯ ಬಿಲ್ಲಿನಲ್ಲಿ ಆ ಒಂದು ಸಾಲು ಇದೆ. ನೂರರಲ್ಲಿ ತೊಂಬತ್ತು ಮಂದಿ ಅದನ್ನು ಓದುವುದೇ ಇಲ್ಲ. ಓದಿದವರಲ್ಲಿ ಕೆಲವರು ಪಕ್ಕದ ಅಂಗಡಿಗೆ ಹೋಗಿದ್ದಾರೆ, ಅಲ್ಲಿ ಅದೇ ಲೋಹದ ನಲ್ಲಿ ಆ ಸಾಲಿಲ್ಲದೆ ಸಿಕ್ಕುತ್ತದೆ. ನನ್ನ ಮಗ ಇದನ್ನು ಮೂರ್ಖತನವೆನ್ನುತ್ತಾನೆ. ತಿಂಗಳ ಲೆಕ್ಕ ಅವನ ಪರವಾಗಿಯೇ ಇದೆ. ನಲ್ಲಿ ಕೊಂಡುಹೋದ ಆ ಗೃಹಿಣಿಯ ವಿಳಾಸ ಹಳೆಯ ಬಿಲ್ಲಿನ ಪ್ರತಿಯಲ್ಲಿ ಸಿಕ್ಕಿತು. ಹುಡುಗನೊಬ್ಬನ ಕೈಯಲ್ಲಿ ಹಸಿರು ಡಬ್ಬದ ನಲ್ಲಿಯೊಂದನ್ನು, ಹಳೆಯದನ್ನು ಬಿಚ್ಚಿ ಕೂರಿಸಿ ಬರುವಂತೆ ಹೇಳಿ ಕಳಿಸಿದೆ. ಅವರು ದುಡ್ಡು ಕೊಡಲು ಬಂದರಂತೆ, ಹುಡುಗ ತೆಗೆದುಕೊಳ್ಳಲಿಲ್ಲ. ಶೇ. 3ರ ಹಳೆಯ ದಾಸ್ತಾನು ಸುಮಾರು 1,100 ನಲ್ಲಿಗಳಷ್ಟು ಇನ್ನೂ ಅಟ್ಟದ ಮೇಲಿದೆ. ತೋಟದ ಬಳಕೆಗೆಂದು ಗುರುತು ಹಾಕಿ, ಸ್ವಲ್ಪ ಬೆಲೆ ಇಳಿಸಿ ಮಾರುತ್ತಿದ್ದೇವೆ. ಇದುವರೆಗೆ ಹೋಗಿರುವುದು 140.